ಹಳೆಯ ಚಿತ್ರಕಥೆಗಳಿಗೆ ದೀಪವಿರುವ ಗಾಜಿನ ಪೆಟ್ಟಿಗೆ: ನಮ್ಮ ಕರಾವಳಿಯ ಹವೆಗೆ ಹೇಗೆ ಮಾಡಿಸಬೇಕು?

ಪ್ರಶ್ನೆ (ಮಂಗಳೂರು, ಕದ್ರಿಯಿಂದ)

ಮಾನ್ಯರೇ,

ತಂದೆಯವರು 1970ರ ದಶಕದಿಂದ ಜೋಪಾನ ಮಾಡಿಕೊಂಡು ಬಂದ ಸುಮಾರು 120 ಚಿತ್ರಕಥೆ ಪುಸ್ತಕಗಳು ಈಗ ನನ್ನ ಪಾಲಿಗೆ ಬಂದಿವೆ. ಹೆಚ್ಚಿನವು ಅಮರ ಚಿತ್ರ ಕಥೆಯವು, ಉಳಿದವು 1964ರಿಂದ 1990ರವರೆಗೆ ಪ್ರಕಟವಾಗುತ್ತಿದ್ದ ಇಂದ್ರಜಾಲ ಕಾಮಿಕ್ಸ್‌ನವು. ಅಮರ ಚಿತ್ರ ಕಥೆಯನ್ನು 1967ರಲ್ಲಿ ಆರಂಭಿಸಿದ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ನಮ್ಮ ಮೂಲಮನೆಯೂ ಅದೇ ಕಡೆಯದಾದ್ದರಿಂದ ತಂದೆಯವರಿಗೆ ಆ ಪುಸ್ತಕಗಳ ಮೇಲೆ ಊರಿನ ಅಭಿಮಾನವೂ ಸೇರಿತ್ತು.

ಇವುಗಳಲ್ಲಿ ಹನ್ನೆರಡನ್ನು ಚಾವಡಿಯ ಗೋಡೆಯ ಮೇಲೆ ಕಾಣುವಂತೆ ಇಡಬೇಕೆಂದಿದ್ದೇನೆ. ಆಚಾರಿಯವರಿಂದ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಮುಂದೆ ಗಾಜಿನ ಬಾಗಿಲು ಕೂರಿಸಿ, ಪುಸ್ತಕಗಳ ಹಿಂಬದಿಯಲ್ಲಿ ಎಲ್‌ಇಡಿ ಪಟ್ಟಿ ಅಂಟಿಸುವುದು ಸದ್ಯದ ಯೋಜನೆ. ಎಷ್ಟು ವಾಟ್‌ನ ದೀಪ ಸಾಕು, ಬೆಳಕಿಗೆ ಬಣ್ಣ ಮಾಸುತ್ತದೆಯೇ, ಮಳೆಗಾಲದಲ್ಲಿ ಒಳಗೆ ಬೂಷ್ಟು ಹಿಡಿಯದಂತೆ ಏನು ಮಾಡಬೇಕು ಎಂಬುದನ್ನು ತಿಳಿದವರು ಹೇಳಬೇಕಾಗಿ ಕೋರುತ್ತೇನೆ. ಪೆಟ್ಟಿಗೆ ಬರುವುದು ಪಡುವಣ ದಿಕ್ಕಿನ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ.

ಉತ್ತರ (ಮಣಿಪಾಲದಿಂದ)

ಮೊದಲು ಬದಲಾಗಬೇಕಾದದ್ದು ದೀಪದ ಜಾಗ. ಹಿಂದಿನಿಂದ ಬೆಳಕು ಬಿಟ್ಟರೆ ದೇವರ ಪ್ರಭಾವಳಿಯ ಹಾಗೆ ಪುಸ್ತಕದ ಸುತ್ತ ಹೊಳಪು ಬರುತ್ತದೆ, ಮುಖಪುಟ ಮಾತ್ರ ಕತ್ತಲಲ್ಲಿ ಉಳಿಯುತ್ತದೆ. ಪ್ರತಿ ಸಾಲಿನ ಮೇಲ್ಭಾಗದಲ್ಲಿ, ಗಾಜಿಗೆ ಹತ್ತಿರವಾಗಿ, ಪಟ್ಟಿಯನ್ನು ಒಳಮುಖವಾಗಿ ಓರೆಯಾಗಿ ಕೂರಿಸಿ. ಪೆಟ್ಟಿಗೆಯ ಆಳ 15 ಸೆಂ.ಮೀ. ಆದರೂ ಇರಲಿ, ಅದಕ್ಕಿಂತ ಕಡಿಮೆಯಾದರೆ ಮುಖಪುಟದ ತಲೆಭಾಗ ಬೆಳಗಿ, ಬುಡ ಮಂಕಾಗುತ್ತದೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸುವ ಬದಲು ಸ್ವಲ್ಪ ಹಿಂದಕ್ಕೆ ಒರಗಿಸಿದರೆ ಬೆಳಕು ಸಮನಾಗಿ ಬೀಳುತ್ತದೆ, ಪುಸ್ತಕವೂ ಬಾಗುವುದಿಲ್ಲ.

ಅಮರ ಚಿತ್ರ ಕಥೆಯ ಪುಸ್ತಕ ಸುಮಾರು 18 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರ ಇರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಲಕೋಟೆ ಹಾಕಿದ ಮೇಲೆ ಒಂದೆರಡು ಸೆಂ.ಮೀ. ಕೂಡಿಸಿಕೊಂಡು, ಸಾಲಿಗೆ ನಾಲ್ಕರಂತೆ ಮೂರು ಸಾಲು ಎಂದರೆ ಒಳಗಿನ ಅಳತೆ 92 ಸೆಂ.ಮೀ. ಅಗಲ, 94 ಸೆಂ.ಮೀ. ಎತ್ತರ ಸಾಕಾಗುತ್ತದೆ. ಮೀಟರಿಗೆ 60 ದೀಪಗಳಿರುವ 12 ವೋಲ್ಟಿನ ಪಟ್ಟಿಯನ್ನು 5 ಸೆಂ.ಮೀ.ಗೊಮ್ಮೆ ಕತ್ತರಿಸಬಹುದು, ಆದ್ದರಿಂದ ಸಾಲಿಗೆ 90 ಸೆಂ.ಮೀ.ನಂತೆ ಒಟ್ಟು 2.7 ಮೀಟರು ಬೇಕು. ಮೀಟರಿಗೆ 4.8 ವಾಟ್ ಲೆಕ್ಕದಲ್ಲಿ 13 ವಾಟ್ ಆಯಿತು. 12 ವೋಲ್ಟ್, 2 ಆಂಪಿಯರಿನ ಅಡಾಪ್ಟರು ನಿರಾಯಾಸವಾಗಿ ನಡೆಸುತ್ತದೆ. ಅಂಗಡಿಯವರು ಇದಕ್ಕಿಂತ ಪ್ರಖರವಾದ ಪಟ್ಟಿಯನ್ನೇ ತೋರಿಸಿ ಒತ್ತಾಯ ಮಾಡಬಹುದು, ಅದಕ್ಕೆ ಒಪ್ಪಬೇಡಿ. 3000 ಕೆಲ್ವಿನ್‌ನ ಹಳದಿ ಛಾಯೆಯ ಬೆಳಕು, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಂಕ) 90ಕ್ಕಿಂತ ಮೇಲಿನದು, ಜೊತೆಗೊಂದು ಡಿಮ್ಮರ್ ಇರಲಿ. ಪಟ್ಟಿಯ ಹಿಂದಿನ ಅಂಟು ನಮ್ಮ ಸೆಕೆಗೆ ಒಂದೇ ಬೇಸಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ಹಾಲುಬಣ್ಣದ ಮುಚ್ಚಳವಿರುವ ಅಲ್ಯೂಮಿನಿಯಂ ಚಾನೆಲ್ಲಿನೊಳಗೆ ಕೂರಿಸಿದರೆ ಆ ಕಾಟವಿಲ್ಲ, ಲಕೋಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ದೀಪದ ಬಿಂಬ ಕಾಣುವುದೂ ತಪ್ಪುತ್ತದೆ. ಅಡಾಪ್ಟರು ಮಾತ್ರ ಪೆಟ್ಟಿಗೆಯ ಹೊರಗೇ ಇರಬೇಕು.

ಉತ್ತರ (ಉಡುಪಿಯಿಂದ)

ದೀಪದ ವಿಷಯ ಮೇಲಿನವರು ಸರಿಯಾಗಿಯೇ ಹೇಳಿದ್ದಾರೆ. ಆದರೆ ನಮ್ಮ ಊರುಗಳಲ್ಲಿ ಪುಸ್ತಕವನ್ನು ಕೆಡಿಸುವುದು ಬೆಳಕಿಗಿಂತ ಮೊದಲು ಪೆಟ್ಟಿಗೆಯೊಳಗಿನ ಗಾಳಿ. ನಾನು ಸ್ವಂತ ಖರ್ಚಿನಲ್ಲಿ ಕಲಿತ ಪಾಠವಿದು. ಮೂರು ವರ್ಷಗಳ ಹಿಂದೆ ತಾವು ಯೋಚಿಸಿದಂಥದ್ದೇ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಧೂಳು ಹೋಗಬಾರದೆಂದು ಗಾಜಿನ ಅಂಚಿಗೆಲ್ಲ ಸಿಲಿಕೋನ್ ಎಳೆಸಿದ್ದೆ. ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಮುಚ್ಚಿದವನು ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬಾಗಿಲು ತೆರೆದಾಗ ಉಪ್ಪಿನಕಾಯಿ ಭರಣಿಯ ಬಾಯಿ ತೆಗೆದಂತೆ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಪುಸ್ತಕಗಳ ನಡುವಿನ ಪಿನ್ನುಗಳೆಲ್ಲ ತುಕ್ಕು ಹಿಡಿದು, ಅದರ ಕಂದು ಕಲೆ ನಡುಪುಟದ ಎರಡೂ ಬದಿಗೆ ಇಳಿದಿತ್ತು. ಒಂದು ಪಿನ್ನನ್ನು ಉಗುರಿನಿಂದ ಮುಟ್ಟಿದ್ದೇ ತಡ, ಪುಡಿಯಾಗಿ ಮಡಿಲಿಗೆ ಬಿತ್ತು.

ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಬಿಡುವುದು ಅಸಿಟಿಕ್ ಆಮ್ಲವನ್ನು, ಅಂದರೆ ವಿನೆಗರಿನ ಆಮ್ಲವನ್ನೇ. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮುಂತಾದವುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ, ಮರದಿಂದಲೂ ಆಮ್ಲದ ಆವಿ ಬರುತ್ತದೆ. ತೆರೆದ ಕಪಾಟಿನಲ್ಲಿ ಇವು ಹಾರಿಹೋಗುತ್ತವೆ. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಅಲ್ಲೇ ಸುತ್ತಿ, ಮೊದಲೇ ಆಮ್ಲೀಯವಾಗಿರುವ ಅಗ್ಗದ ಕಾಗದವನ್ನು ಇನ್ನಷ್ಟು ಬೇಗ ಹಳದಿ ಮಾಡಿ ಮುರುಕಲಾಗಿಸುತ್ತವೆ. ಆದ್ದರಿಂದ ಆಚಾರಿಯವರ ಬಳಿಗೆ ಹೋಗುವ ಬದಲು, ಕಿಟಕಿ ಮಾಡುವ ಅಲ್ಯೂಮಿನಿಯಂ ಫ್ಯಾಬ್ರಿಕೇಶನ್ನಿನವರಿಂದ ಪೌಡರ್ ಕೋಟಿಂಗ್ ಇರುವ ಚೌಕಟ್ಟು ಮಾಡಿಸಿ, ಹಿಂಬದಿಗೆ ಅಕ್ರಿಲಿಕ್ ಹಾಳೆ ಹಾಕಿಸಿ. ಸಿಲಿಕೋನ್ ಬೇಕೇ ಬೇಕೆಂದಾದರೆ ನ್ಯೂಟ್ರಲ್ ಕ್ಯೂರ್ (ಆ ಆಮ್ಲ ಬಿಡದ ಬಗೆ) ಎಂದು ಬರೆದದ್ದನ್ನು ಕೇಳಿ ತನ್ನಿ, ಪೆಟ್ಟಿಗೆಯನ್ನು ಎರಡು ಮೂರು ವಾರ ಖಾಲಿ ತೆರೆದಿಟ್ಟು ಆಮೇಲೆ ಪುಸ್ತಕ ಇಡಿ.

ಮುಂಬಾಗಿಲಿಗೆ 6.38 ಮಿ.ಮೀ. ಲ್ಯಾಮಿನೇಟೆಡ್ ಗಾಜು ಹಾಕಿಸಿ. ಎರಡು ಗಾಜುಗಳ ನಡುವಿನ ಪ್ಲಾಸ್ಟಿಕ್ ಪದರ ಹೊರಗಿನಿಂದ ಬರುವ ನೇರಳಾತೀತ ಕಿರಣಗಳನ್ನು ಬಹುಪಾಲು ತಡೆಯುತ್ತದೆ. ಟಫನ್ಡ್ ಗಾಜಿಗೆ ಗಟ್ಟಿತನವಿದೆಯೇ ಹೊರತು ಆ ಗುಣವಿಲ್ಲ. ತಮ್ಮ ಅಳತೆಗೆ ಬಾಗಿಲೇ 13 ಕಿಲೋ ತೂಗುತ್ತದೆ, ಆದ್ದರಿಂದ ಬಿಜಾಗರಿಯಲ್ಲಿ ಜಿಪುಣತನ ಬೇಡ.

ಇನ್ನು ತೇವ. ಮಳೆಗಾಲದಲ್ಲಿ ನಮ್ಮ ಗಾಳಿಯ ತೇವಾಂಶ ಶೇ. 85–90 ದಾಟುತ್ತದೆ, ಬೂಷ್ಟಿಗೆ ಶೇ. 70 ಸಾಕು. ಮುಚ್ಚಿದ ಪೆಟ್ಟಿಗೆಗೆ ಘನ ಮೀಟರಿಗೆ 20 ಕಿಲೋ ಸಿಲಿಕಾ ಜೆಲ್ (ತೇವ ಹೀರುವ ಹರಳು) ಎಂಬುದು ವಸ್ತುಸಂಗ್ರಹಾಲಯಗಳ ಹಳೆಯ ಲೆಕ್ಕ. ತಮ್ಮ ಪೆಟ್ಟಿಗೆ ಸುಮಾರು 130 ಲೀಟರು, ಅಂದರೆ ಎರಡೂವರೆ ಕಿಲೋ. ಅದಕ್ಕಾಗಿ ಕೆಳಗೊಂದು ತೂತುಗಳಿರುವ ತಟ್ಟೆ ಮಾಡಿಸಿ. ಎಲ್ಲವನ್ನೂ ಒಮ್ಮೆಗೇ ಸುರಿಯದೆ, ಒಳಗೊಂದು ಡಿಜಿಟಲ್ ತೇವಾಂಶಮಾಪಕವಿಟ್ಟು, ಶೇ. 50ರ ಆಸುಪಾಸಿನಲ್ಲಿ ನಿಲ್ಲುವಂತೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಏಕೆಂದರೆ ತೀರಾ ಒಣಗಿದರೂ ಕಾಗದ ಮುರಿಯುತ್ತದೆ. ನೀಲಿ ಜೆಲ್ಲಿನಲ್ಲಿ ವಿಷಕಾರಿ ಕೋಬಾಲ್ಟ್ ಲವಣವಿರುವುದರಿಂದ ಅದನ್ನು ಮರುಬಳಕೆಗೆಂದು ಅಡುಗೆಮನೆಯ ಓವನ್ನಿನಲ್ಲಿ ಒಣಗಿಸಕೂಡದು.

ಪಡುವಣ ಗೋಡೆಯನ್ನಂತೂ ಬಿಟ್ಟೇಬಿಡಿ. ಮಳೆ ಹೊಡೆಯುವುದೇ ಆ ಕಡೆಯಿಂದ, ಮುರಕಲ್ಲು ನೀರು ಕುಡಿದು ಒಳಗೆ ಪಸೆ ಬಿಡುತ್ತದೆ. ಎರಡು ಕೋಣೆಗಳ ನಡುವಿನ ಗೋಡೆಗೆ, ಒಂದಿಂಚು ಜಾಗ ಬಿಟ್ಟು ತೂಗುಹಾಕಿ.

ಉತ್ತರ (ಮಂಗಳೂರಿನಿಂದ)

ಗ್ರಂಥಾಲಯದಲ್ಲಿ ಹಲವು ವರ್ಷ ಹಳೆಯ ಪುಸ್ತಕಗಳ ನಡುವೆ ಕೆಲಸ ಮಾಡಿದವಳಾಗಿ ನನ್ನದೊಂದು ಭಿನ್ನಾಭಿಪ್ರಾಯವಿದೆ. ಮೂಲ ಪ್ರತಿಗಳನ್ನು ಗೋಡೆಗೆ ಏರಿಸಲೇಬೇಡಿ. ಮುಖಪುಟಗಳನ್ನು ಸ್ಕ್ಯಾನ್ ಮಾಡಿಸಿ, ಅದೇ ಅಳತೆಯ ಒಳ್ಳೆಯ ಬಣ್ಣದ ಮುದ್ರಣ ತೆಗೆಸಿ ಪೆಟ್ಟಿಗೆಯಲ್ಲಿಡಿ. ಮೂಲವು ಆಮ್ಲರಹಿತ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲಲ್ಲಿ ಇರಲಿ. ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಒಮ್ಮೆ ಮಾಸಿದ ಬಣ್ಣ ಮರಳುವುದಿಲ್ಲ, ಎಲ್‌ಇಡಿಯಲ್ಲಿ ನೇರಳಾತೀತ ಕಿರಣ ಬಹುತೇಕ ಇಲ್ಲದಿದ್ದರೂ ಕಣ್ಣಿಗೆ ಕಾಣುವ ಬೆಳಕೂ ಮಾಸಿಸುತ್ತದೆ. ವಸ್ತುಸಂಗ್ರಹಾಲಯಗಳು ಕಾಗದಕ್ಕೆ 50 ಲಕ್ಸ್‌ನ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ) ಮಿತಿ ಇಟ್ಟುಕೊಳ್ಳುತ್ತವೆ. ದಿನಕ್ಕೆ ಮೂರು ಗಂಟೆ 50 ಲಕ್ಸ್ ಎಂದರೆ ವರ್ಷಕ್ಕೆ 54,750 ಲಕ್ಸ್ ಗಂಟೆ. ಅದೇ 300 ಲಕ್ಸ್‌ನಲ್ಲಿ ಹತ್ತು ಗಂಟೆ ಉರಿಸಿದರೆ 10,95,000, ಸರಿಯಾಗಿ ಇಪ್ಪತ್ತು ಪಟ್ಟು.

ಮೂಲವನ್ನೇ ಇಡುವುದಾದರೆ ಮೂರು ತಿಂಗಳಿಗೊಮ್ಮೆ ಹನ್ನೆರಡನ್ನೂ ಬದಲಿಸಿ. 120 ಪುಸ್ತಕಗಳಿರುವುದರಿಂದ ಒಂದರ ಸರದಿ ಎರಡೂವರೆ ವರ್ಷಕ್ಕೊಮ್ಮೆ ಬಂದೀತು. ಪಿವಿಸಿ ಲಕೋಟೆ ಬೇಡ, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರಿನದು ಇರಲಿ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಲ್ಯಾಮಿನೇಶನ್ ಮಾಡಿಸಿ ಎಂದು ಹೇಳುವ ಬಂಧುಗಳು ಎಲ್ಲ ಮನೆಗಳಲ್ಲೂ ಇರುತ್ತಾರೆ, ಅವರಿಗೆ ಚಹಾ ಕೊಟ್ಟು ಕಳುಹಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಪ್ಲೈವುಡ್ಡಿನ ಯೋಜನೆಯನ್ನು ಕೈಬಿಟ್ಟಿದ್ದೇನೆ, ಪಡುವಣ ಗೋಡೆಯನ್ನೂ. ಮೂಲವೋ ಪ್ರತಿಯೋ ಎಂಬಲ್ಲಿ ಅಕ್ಕನವರ ಮಾತಿಗೆ ಅರ್ಧ ಒಪ್ಪಿಕೊಳ್ಳುತ್ತೇನೆ. ನಮ್ಮಲ್ಲಿರುವ ಇಂದ್ರಜಾಲದ ಪುಟಗಳು ಹಪ್ಪಳದಂತಾಗಿರುವುದರಿಂದ ಅವುಗಳ ಮುದ್ರಿತ ಪ್ರತಿಯನ್ನೇ ಇಡುವೆ. ಅಮರ ಚಿತ್ರ ಕಥೆಗಳ ಮುಖಪುಟದ ಮೂಲೆಯಲ್ಲಿ ತಂದೆಯವರು ನೀಲಿ ಶಾಯಿಯಲ್ಲಿ ತಮ್ಮ ಹೆಸರನ್ನೂ ಕೊಂಡ ದಿನಾಂಕವನ್ನೂ ಬರೆದಿದ್ದಾರೆ. ಅವುಗಳ ಮೂಲವನ್ನೇ ಸರದಿಯ ಮೇಲೆ, 50 ಲಕ್ಸ್‌ನಲ್ಲಿ, ಸಂಜೆ ಏಳರಿಂದ ಹತ್ತರವರೆಗೆ ಟೈಮರ್ ಹಾಕಿ ತೋರಿಸುವ ಮನಸ್ಸು.

ಉತ್ತರ (ಮಂಗಳೂರಿನಿಂದ)

ಶಾಯಿಯ ಬರಹವಿದೆಯೆಂದು ಮೊದಲೇ ತಿಳಿದಿದ್ದರೆ ಇನ್ನೂ ಗಟ್ಟಿಯಾಗಿ ಬೇಡವೆನ್ನುತ್ತಿದ್ದೆ. ಎಷ್ಟೋ ನೀಲಿ ಶಾಯಿಗಳು ಮುದ್ರಣದ ಬಣ್ಣಕ್ಕಿಂತ ಮೊದಲೇ ಮಾಸುತ್ತವೆ. ಆ ಮೂಲೆಯಷ್ಟಕ್ಕೆ ಲಕೋಟೆಯ ಹೊರಗಿನಿಂದ ಒಂದು ಕಪ್ಪು ಕಾಗದದ ತ್ರಿಕೋನ ಸಿಕ್ಕಿಸಿ. ಬಂದವರು ಕೇಳಿದರೆ ಎತ್ತಿ ತೋರಿಸಬಹುದು.

ಉತ್ತರ (ಮಣಿಪಾಲದಿಂದ)

ಟೈಮರ್ ಸಾಕು, ಆದರೆ ಮೇ ತಿಂಗಳ ಸಿಡಿಲಿಗೆ ಅಡಾಪ್ಟರಿನ ಪ್ಲಗ್ಗನ್ನು ಕೈಯಿಂದಲೇ ಕಿತ್ತಿಡಿ.