ಪದಚರ್ಚೆ: ಜಾತಿ, ಪ್ರಭೇದ, ತಳಿ – ಕಾಡುಕುರಿಗೆ ಯಾವುದು?

ಎಲ್ಲರಿಗೂ ನಮಸ್ಕಾರ.

ಮಕ್ಕಳ ಪುಸ್ತಿಕೆಯೊಂದಕ್ಕೆ ಕಾಡುಕುರಿ (ಬೊಗಳುವ ಜಿಂಕೆ) ಬಗ್ಗೆ ಒಂದು ಪುಟ ಬರೆದುಕೊಡಬೇಕು. ನಾಲ್ಕು ದಿನದಿಂದ ಒಂದೇ ವಾಕ್ಯದ ಹತ್ತಿರ ನಿಂತಿದ್ದೇನೆ. ವಾಕ್ಯ ಇದು:

‘ಚೀನಾದ ಕಾಡುಕುರಿಗೆ 46 ವರ್ಣತಂತುಗಳಿವೆ, ನಮ್ಮದರಲ್ಲಿ ಹೆಣ್ಣಿಗೆ 6, ಗಂಡಿಗೆ 7 ಮಾತ್ರ, ಹಾಗಾಗಿ ಇವೆರಡೂ ಬೇರೆ ಬೇರೆ ______.’

ವರ್ಣತಂತು ಅಂದರೆ ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆ, ಇಂಗ್ಲಿಷಿನ ಕ್ರೋಮೋಸೋಮ್. ಆ ಖಾಲಿ ಜಾಗಕ್ಕೆ, ಅಂದರೆ ಇಂಗ್ಲಿಷಿನ ಸ್ಪೀಷೀಸ್‌ಗೆ, ಏನು ಹಾಕಲಿ?

ಮೊದಲು ‘ಜಾತಿ’ ಅಂತ ಬರೆದೆ. ಬಾಯಿಗೆ ತಾನಾಗಿ ಬರುವ ಮಾತು ಅದೇ ಅಲ್ವಾ? ‘ಇದು ಯಾವ ಜಾತಿ ಹಾವು’ ಅಂತಲೇ ಕೇಳುತ್ತೇವೆ. ಮಕ್ಕಳ ಪುಸ್ತಕದಲ್ಲಿ ಆ ಪದ ಬೇಡ ಎಂದರು ಪುಸ್ತಿಕೆಯವರು. ಸರಿ, ‘ಪ್ರಭೇದ’ ಮಾಡಿದೆ. ಎಂಟನೇ ಕ್ಲಾಸಿನ ನನ್ನ ಅಕ್ಕನ ಮಗಳಿಗೆ ಓದಲು ಕೊಟ್ಟೆ. ‘ಮಾಮ, ಪ್ರಭೇದ ಅಂದ್ರೆ ಹಳ್ಳಿಕಾರ್, ಅಮೃತಮಹಲ್ ಥರ ತಾನೇ?’ ಅಂದಳು. ಅಲ್ಲ, ಅದು ತಳಿ. ಹಳ್ಳಿಕಾರ್‌ಗೂ 60 ವರ್ಣತಂತು, ಸೀಮೆ ಹಸುವಿಗೂ 60. ಕೂಡಿಸಿದರೆ ಕರು ಹುಟ್ಟುತ್ತದೆ, ಆ ಕರು ದೊಡ್ಡದಾಗಿ ಮತ್ತೆ ಕರು ಹಾಕುತ್ತದೆ. ಆದರೆ ಅವಳ ತಪ್ಪು ಅಂತ ಹೇಳೋದು ಹೇಗೆ? ‘ಪ್ರಭೇದ’ ಕೇಳಿದರೆ ಒಂದರೊಳಗಿನ ಚಿಕ್ಕ ವ್ಯತ್ಯಾಸ ಅಂತಲೇ ಅನ್ನಿಸುತ್ತದೆ. ಜಾಲದಲ್ಲಿ ‘ಪ್ರಜಾತಿ’ ಕೂಡ ಸಿಗುತ್ತದೆ. ನನ್ನ ಕಿವಿಗೆ ಅದು ಹಿಂದಿ ಪಠ್ಯದಿಂದ ನೇರ ಇಳಿದು ಬಂದಂತಿದೆ. ಸಾಲದ್ದಕ್ಕೆ ನಾನು ಶಾಲೆಯಲ್ಲಿ ಕಲಿಯುವಾಗ ಜೀನಸ್‌ಗೆ (ಹತ್ತಿರದ ಸ್ಪೀಷೀಸ್‌ಗಳ ಗುಂಪಿಗೆ) ‘ಜಾತಿ’, ಸ್ಪೀಷೀಸ್‌ಗೆ ‘ಪ್ರಭೇದ’ ಇತ್ತು. ಈಗ ಜೀನಸ್ ‘ಕುಲ’ ಆಗಿರುವುದನ್ನೂ ಕಾಣುತ್ತೇನೆ.

ಕೂತು ಯೋಚಿಸಿದಾಗ ಒಂದು ತಮಾಷೆ ಕಂಡಿತು. ಈ ಪದಗಳ ಹೊಟ್ಟೆಯಲ್ಲೇ ಒಂದೊಂದು ವ್ಯಾಖ್ಯೆ ಇದೆ. ‘ಜಾತಿ’ಯ ಮೂಲ ಹುಟ್ಟು. ‘ಪ್ರಭೇದ’ದ ಮೂಲ ಭೇದ, ಅಂದರೆ ಬೇರೆಯಾಗಿ ಕಾಣುವುದು. ಲ್ಯಾಟಿನ್ನಿನ ಸ್ಪೀಷೀಸ್ ಕೂಡ ನೋಡುವುದಕ್ಕೆ ಸಂಬಂಧಿಸಿದ ಪದವೇ. ಅದರ ಅರ್ಥ ರೂಪ. ಹದಿನೆಂಟನೇ ಶತಮಾನದಲ್ಲಿ, ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ಲಿನೇಯಸ್ ಕಾಲದಲ್ಲಿ, ರೂಪ ನೋಡಿಯೇ ವಿಂಗಡಿಸುತ್ತಿದ್ದರು, ಹಾಗಾಗಿ ‘ಪ್ರಭೇದ’ ಅಲ್ಲಿಗೆ ಸರಿ. ಆದರೆ 1942ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಮೇಯರ್ ಕೊಟ್ಟ ವ್ಯಾಖ್ಯೆ ನಿಂತಿರುವುದು ಹುಟ್ಟಿನ ಮೇಲೆ. ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ, ಹೊರಗಿನ ಗುಂಪಿನ ಜೊತೆ ಬೆರೆಯದ ಪ್ರಾಣಿಗಳು ಒಂದು ಸ್ಪೀಷೀಸ್. ಇದಕ್ಕೆ ‘ಜಾತಿ’ಗಿಂತ ಒಪ್ಪುವ ಪದ ನನಗಂತೂ ಕಾಣುತ್ತಿಲ್ಲ.

ಈ ವ್ಯಾಖ್ಯೆ ಎಲ್ಲ ಕಡೆ ನಡೆಯುವುದಿಲ್ಲ, ಬಿಡಿ. ನಂಜನಗೂಡು ರಸಬಾಳೆ ಕೂಡುವುದೂ ಇಲ್ಲ, ಬೀಜ ಬಿಡುವುದೂ ಇಲ್ಲ, ಕಂದಿನಿಂದ ಕಂದಿಗೆ ಬರುತ್ತದೆ. ಕಾಡುಬಾಳೆಗೆ 11ರ ಎರಡು ಕಂತು, ಅಂದರೆ 22 ವರ್ಣತಂತು. ರಸಬಾಳೆಗೆ ಮೂರು ಕಂತು, 33. ಮೂರನ್ನು ಇಬ್ಬರಿಗೆ ಸಮನಾಗಿ ಹಂಚಲು ಆಗದು, ಅದಕ್ಕೇ ಬೀಜ ಕಟ್ಟುವುದಿಲ್ಲ. ಇದಕ್ಕೆ ಪುಸ್ತಕದ ಪದ ‘ತ್ರಿಗುಣಿತ’. ‘ಮುಮ್ಮಡಿ’ ಅನ್ನೋಣ ಎಂದುಕೊಂಡೆ. ಇಮ್ಮಡಿ, ಮುಮ್ಮಡಿ, ನಾಲ್ಮಡಿ, ಕೇಳಲು ಎಷ್ಟು ಚೆಂದ! ನಮ್ಮ ರಾಗಿ 36, ಒಂಬತ್ತರ ನಾಲ್ಮಡಿ. ಆದರೆ ಮುಮ್ಮಡಿ ಕೃಷ್ಣರಾಜ ಒಡೆಯರ್ ಅಂದರೆ ಮೂರನೆಯವರು, ಮೂರು ಪಟ್ಟಿನವರಲ್ಲ! ಅದೂ ಮೈಸೂರು ಸೀಮೆಯ ಬಾಳೆಗೆ ಮುಮ್ಮಡಿ ಅಂದರೆ ಮಕ್ಕಳು ಏನು ತಿಳಿಯಬಹುದು ಹೇಳಿ.

ಇನ್ನು ‘ವರ್ಣತಂತು’. ಅಕ್ಕನ ಮಗಳ ಎರಡನೇ ಪ್ರಶ್ನೆ: ‘ಚೀನಾದ್ದಕ್ಕೆ ಬಣ್ಣ ಜಾಸ್ತಿನಾ?’ ನಗಬಾರದಿತ್ತು, ನಕ್ಕುಬಿಟ್ಟೆ. 1888ರಲ್ಲಿ ವಾಲ್ಡೇಯರ್ ಎಂಬ ಜರ್ಮನ್ ವಿಜ್ಞಾನಿ ಗ್ರೀಕಿನಿಂದ ಕಟ್ಟಿದ ಪದ ಕ್ರೋಮೋಸೋಮ್, ‘ಬಣ್ಣದ ಒಡಲು’ ಅಂತ. ಜೀವಕೋಶಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವು ಬಣ್ಣ ಹೀರಿ ಎದ್ದು ಕಾಣುತ್ತಿದ್ದವು, ಅಷ್ಟೇ. ಬಣ್ಣ ನಾವು ಹಾಕಿದ್ದು, ಅವುಗಳದ್ದಲ್ಲ. ಅದೂ ಅಲ್ಲದೆ ಜಾತಿ, ಕುಲ, ವರ್ಣ, ಉಪಜಾತಿ ಎಲ್ಲ ಒಂದೇ ಪುಟದಲ್ಲಿ ಬಂದರೆ ಜೀವಶಾಸ್ತ್ರದ ಪಾಠ ವಧುವರರ ಕಾಲಂ ಥರ ಆಗುತ್ತದೆ. ಗೋತ್ರ ಒಂದು ಬಾಕಿ! ಹಿಂದಿಯವರ ‘ಗುಣಸೂತ್ರ’ ಇದಕ್ಕಿಂತ ವಾಸಿ ಅಂತ ಒಪ್ಪುತ್ತೇನೆ. ಈಗ ಸುಮ್ನೆ ‘ಕ್ರೋಮೋಸೋಮು’ ಅಂತಲೇ ಬರೆದುಬಿಡುವ ಮನಸ್ಸಾಗಿದೆ.

46ನ್ನು ‘23 ಜೊತೆ’ ಅನ್ನುವಾಗಲೂ ಹುಷಾರು. ಗಂಡು ಕಾಡುಕುರಿಯ 7ನ್ನು ಜೊತೆ ಮಾಡಲು ಹೋಗಿ ನೋಡಿ.

ಇಷ್ಟೆಲ್ಲ ಪದಗಳ ಹಿಂದೆ ಬಿದ್ದವನಿಗೆ ನಿಜವಾದ ತಪ್ಪು ಕಂಡಿದ್ದು ನಿನ್ನೆ ರಾತ್ರಿ. ಅದು ಖಾಲಿ ಜಾಗದಲ್ಲಿ ಇರಲಿಲ್ಲ. ‘ಹಾಗಾಗಿ’ಯಲ್ಲಿತ್ತು. ಲೆಕ್ಕ ಬೇರೆ ಅಂದಮಾತ್ರಕ್ಕೆ ಜಾತಿ ಬೇರೆಯಾಗುವುದಿಲ್ಲ.

ಎಮ್ಮೆಯನ್ನೇ ತೆಗೆದುಕೊಳ್ಳಿ. ಮುರ್‍ರಾ, ಸುರ್ತಿಯಂಥ ನಮ್ಮ ಕಡೆ ಕಾಣುವ ಎಮ್ಮೆಗಳಿಗೆ 50. ಅಸ್ಸಾಮಿನಿಂದ ಆಚೆ ಗದ್ದೆ ಉಳುವ ಕೆಸರಿನ ಎಮ್ಮೆಗಳಿಗೆ 48. ಇವನ್ನು ಕೂಡಿಸಿದರೆ 49ರ ಕರು, ಅದು ಬೆಳೆದು ಮತ್ತೆ ಕರು ಹಾಕುತ್ತದೆ. ಲೆಕ್ಕ ಬೇರೆ, ಸಂಸಾರ ಒಂದೇ. ಕುದುರೆಗೆ 64, ಕತ್ತೆಗೆ 62, ಅಲ್ಲೂ ಎರಡೇ ವ್ಯತ್ಯಾಸ. ಆದರೆ 63ರ ಹೇಸರಗತ್ತೆಯ ವಂಶ ಅಲ್ಲಿಗೇ ನಿಲ್ಲುತ್ತದೆ. ಎಮ್ಮೆಗಳಲ್ಲಿ ಒಂದು ಕಡೆಯ ಎರಡು ಎಳೆ ಇನ್ನೊಂದು ಕಡೆ ಅಂಟಿಕೊಂಡು ಒಂದಾಗಿವೆ, ಉಳಿದದ್ದೆಲ್ಲ ಹೊಂದುತ್ತದೆ. ಕುದುರೆ ಕತ್ತೆಗಳಲ್ಲಿ ಕಿತ್ತು ಜೋಡಿಸಿದ್ದು ಅದಕ್ಕಿಂತ ಬಹಳ ಜಾಸ್ತಿ. ನಾಯಿಗೂ ತೋಳಕ್ಕೂ 78, ಕೋಳಿಗೂ 78. ಲೆಕ್ಕ ಒಂದೇ ಅಂತ ಯಾರಾದರೂ ನಾಯಿಯನ್ನು ಕೋಳಿ ಗೂಡಿಗೆ ಬಿಡುತ್ತಾರಾ?

ನಮ್ಮ ಕಾಡುಕುರಿಯದ್ದೂ ಇದೇ ಕಥೆ. ಇಷ್ಟು ಕಡಿಮೆ ಲೆಕ್ಕ ಇದರಲ್ಲಿದೆ ಎಂದು ಗೊತ್ತಾದದ್ದು 1970ರಲ್ಲಿ. ಒಳಗಿನ ವಂಶಗುಣದ ಸರಕು ಅಷ್ಟೇನೂ ಕಳೆದುಹೋಗಿಲ್ಲ. ತುಂಡು ಹಗ್ಗಗಳನ್ನು ತುದಿಗೆ ತುದಿ ಗಂಟು ಹಾಕಿ ಆರು ಉದ್ದ ಹಗ್ಗ ಮಾಡಿದ ಹಾಗೆ. ಅಂದಹಾಗೆ ಇದು ಕುರಿಯೂ ಅಲ್ಲ, ಜಿಂಕೆಯ ಬಳಗ. ಸಂಜೆ ನಮ್ಮ ತೋಟದ ಮೇಲಿನ ಹಾಡ್ಯದಲ್ಲಿ ನಾಯಿಯಂತೆ ಬೊಗಳುತ್ತದೆ.

ಈಗ ವಾಕ್ಯ ಹೀಗೆ ತಿದ್ದಿದ್ದೇನೆ: ‘ಚೀನಾದ ಕಾಡುಕುರಿಯದ್ದೂ ನಮ್ಮದರದ್ದೂ ಬೇರೆ ಬೇರೆ ಜಾತಿ. ಅದಕ್ಕೆ 46 ಕ್ರೋಮೋಸೋಮು. ನಮ್ಮದರಲ್ಲಿ ಹೆಣ್ಣಿಗೆ 6, ಗಂಡಿಗೆ 7. ಸಾಕಿದ ಕಡೆ ಇವೆರಡಕ್ಕೂ ಮರಿ ಹುಟ್ಟಿದ್ದುಂಟು, ಆದರೆ ಆ ಮರಿಗಳು ಬರಡು.’

‘ಜಾತಿ’ಗೆ ಇನ್ನೊಮ್ಮೆ ಜಗಳ ಆಡುತ್ತೇನೆ, ಅದು ನನ್ನ ಪಾಡು. ನಿಮ್ಮನ್ನು ಕೇಳಬೇಕಾದ್ದು ಕೊನೆಯ ಪದ. ನಮ್ಮ ಕಡೆ ಗೊಡ್ಡು, ಬರಡು ಎರಡನ್ನೂ ಹೆಣ್ಣಿಗೇ ಹೇಳುವುದು. ಮರಿ ಗಂಡಾದರೆ? ಬೀಜ ಒಡೆದ ಹೋರಿಯ ಮಾತಲ್ಲ, ಹುಟ್ಟಿನಿಂದಲೇ ಹಾಗಿರುವ ಗಂಡು. ನಿಮ್ಮೂರಲ್ಲಿ ಏನಂತಾರೆ?