ಫೆವಿಕ್ವಿಕ್ ಗಾಯ: ಫಲಕಕ್ಕೆ ಪದ ಬೇಕು (ತುರ್ತು)

ನಮಸ್ಕಾರ. ಮಕ್ಕಳ ಆಸ್ಪತ್ರೆಯೊಂದರ ಗೋಡೆಫಲಕ ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಮನೆಯಲ್ಲಿ ಮಗುವಿನ ಬೆರಳು, ತುಟಿ, ರೆಪ್ಪೆಗೆ ಸೂಪರ್ ಗ್ಲೂ ಮೆತ್ತಿಕೊಂಡರೆ ಏನು ಮಾಡಬೇಕು ಎಂಬುದು ವಿಷಯ. ತಲೆಬರಹಕ್ಕೆ ‘ಅಂಟುಗಾಯ’, ‘ಪೀಲ್’ಗೆ ‘ಸುಲಿಯಿರಿ’ ಎಂದು ಹಾಕಿದ್ದೇನೆ. ನಡೆಯುತ್ತದೆಯೇ?

ಮರು:
‘ಅಂಟು’ ಅಚ್ಚಗನ್ನಡ, ತೆಲುಗಿನಲ್ಲೂ ಇದೆ. ‘ಗೋಂದು’ ಉತ್ತರದಿಂದ ಬಂದದ್ದು, ಬೇಡ. ‘ಗಾಯ’ವೂ ಎರವಲೇ: ಪ್ರಾಕೃತದ ‘ಘಾಯ’, ಅದರ ಹಿಂದೆ ಸಂಸ್ಕೃತದ ‘ಘಾತ’. ‘ಅಂಟುಹುಣ್ಣು’ ಎನ್ನಿ, ಮುಗಿಯಿತು.

ಮರು:
ಮುಗಿಯಲಿಲ್ಲ. ಹುಣ್ಣೇ ಬೇರೆ, ಗಾಯವೇ ಬೇರೆ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಅಲ್ಲಿ ‘ಅಂಟು’ ಎಂದರೆ ಒಬ್ಬರಿಂದೊಬ್ಬರಿಗೆ ಹರಡುವುದು: ಅಂಟುರೋಗ, ಅಂಟುಜಾಡ್ಯ. ‘ಅಂಟುಗಾಯ’ ಎಂದು ಓದಿದ ತಾಯಿ ತನ್ನ ಮಗುವನ್ನು ಪಕ್ಕದ ಮಗುವಿನಿಂದ ದೂರ ಎಳೆದುಕೊಳ್ಳುತ್ತಾಳೆ.

‘ಸುಲಿಯಿರಿ’ ಇನ್ನೂ ಅಪಾಯ. ತೆಂಗಿನಕಾಯಿ ಸುಲಿದರೆ ಸಿಪ್ಪೆ ಕಿತ್ತು ಬರುತ್ತದೆ. ಮಗುವಿನ ಬೆರಳಲ್ಲಿ ಕಿತ್ತು ಬರುವುದು ಚರ್ಮ. ‘ಬಿಡಿಸಿ’ ಎನ್ನಿ. ಉಗುರುಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ, ಬೆರಳುಗಳನ್ನು ಒಂದರ ಮೇಲೊಂದು ಹೊರಳಿಸುತ್ತಾ ಮೆಲ್ಲಗೆ ಬಿಡಿಸಿ. ಆ್ಯಸಿಟೋನ್ ಎಂದು ಬರೆಯಬೇಡಿ, ‘ಉಗುರುಬಣ್ಣ ತೆಗೆಯುವ ದ್ರವ’ ಎಂದರೆ ಎಲ್ಲರಿಗೂ ಗೊತ್ತು. ಕಣ್ಣು, ಬಾಯಿಯ ಹತ್ತಿರ ಅದು ಕೂಡದು ಎಂಬುದೂ ಅದೇ ಸಾಲಿನಲ್ಲಿ ಬರಲಿ. ರೆಪ್ಪೆ ಅಂಟಿಕೊಂಡಿದ್ದರೆ ಬಿಡಿಸುವ ಮಾತೇ ಬೇಡ: ಬೆಚ್ಚನೆಯ ನೀರಿನಿಂದ ತೊಳೆದು, ಒದ್ದೆ ಬಟ್ಟೆ ಮುಚ್ಚಿ ಕರೆತನ್ನಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನೇ ಬಿಟ್ಟುಕೊಳ್ಳುತ್ತದೆ, ಆದರೆ ಕಣ್ಣುಗುಡ್ಡೆಗೆ ಗೀರು ಬಿದ್ದಿದೆಯೇ ಎಂದು ಕಣ್ಣಿನ ಡಾಕ್ಟರೇ ನೋಡಬೇಕು. ಗ್ಲೂ ಹತ್ತಿಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿ ಏಳುತ್ತದೆ, ಅದಕ್ಕೆ ‘ಸುಟ್ಟಗಾಯ’ ಎಂದೇ ಬರೆಯಿರಿ.

ತಲೆಬರಹ ‘ಫೆವಿಕ್ವಿಕ್ ಮೆತ್ತಿಕೊಂಡರೆ’ ಎಂದಿರಲಿ. ‘ಪಾಪು ಕಣ್ಣಿಗೆ ಫೆವಿಕ್ವಿಕ್ ಬಿಟ್ಟುಕೊಂಡುಬಿಟ್ಟಿದೆ ಸಿಸ್ಟರ್’ ಅಂತಲೇ ಓಡಿಬರುತ್ತಾರೆ, ಯಾವ ಕಂಪನಿಯದ್ದೇ ಆಗಿರಲಿ.

ಮರು:
ಕಂಪನಿಯ ಹೆಸರನ್ನು ಆಸ್ಪತ್ರೆಯ ಗೋಡೆಗೆ ಹತ್ತಿಸುವುದು ನಾಚಿಕೆಗೇಡು. ಹೀಗೇ ಎರವಲು ತರುತ್ತಾ ಹೋದರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಮರು:
‘ಜೆರಾಕ್ಸ್’ ಕೂಡ ಕಂಪನಿಯ ಹೆಸರೇ, ಪ್ರತಿ ಊರಿನ ಅಂಗಡಿಫಲಕದಲ್ಲೂ ಇದೆ. ಎರವಲಿನ ಜಗಳಕ್ಕೆ ಬೇರೆ ಎಳೆ ತೆಗೆಯಿರಿ. ಕೇಳಿದವರಿಗೆ: ‘ಫೆವಿಕ್ವಿಕ್‌ನಂಥ ಗಟ್ಟಿ ಅಂಟು ಮೆತ್ತಿಕೊಂಡರೆ’ ಎಂದು ಹಾಕಿ, ಅದರ ಕೆಳಗೇ ‘ಎಳೆಯಬೇಡಿ’ ಎಂಬುದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ.