ಮಿಂಟ್ ಹಾಕಿದ ಮೇಲೆ ವೈಫೈ ಇಲ್ಲ, ಕೊಂಡು ತಂದ ಡಾಂಗಲ್ ಸಿಡಿ ಅಂತ ತೋರಿಸುತ್ತಿದೆ

ನಿವೃತ್ತ ಮೇಷ್ಟ್ರು · ಶನಿವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು 31 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಕಂಪ್ಯೂಟರ್ ಮುಟ್ಟಿದ್ದು ನಿವೃತ್ತನಾದ ಮೇಲೆ. ಹಾಗಾಗಿ ಉತ್ತರ ಹೇಳುವವರು ಒಂದು ಮೆಟ್ಟಿಲೂ ಬಿಡದೆ ಹೇಳಿ. "ಸುಲಭವಾಗಿ ಸಾಧಿಸಬಹುದು" ಅಂತ ಬರೆದು ಹಾರಿಸಿಬಿಡಬೇಡಿ. ನಾನೂ ಬೋರ್ಡಿನ ಮೇಲೆ ಹಾಗೆ ಬರೆದು ತಪ್ಪಿಸಿಕೊಂಡವನೇ, ಗೊತ್ತು ನನಗೆ!

ಮಗಳು ಬೆಂಗಳೂರಿಂದ ಬಂದಾಗ ತನ್ನ ಹಳೇ ಲ್ಯಾಪ್‌ಟಾಪ್ ನನಗೆ ಬಿಟ್ಟು ಹೋದಳು. 2014ರದ್ದು, 4 ಜಿಬಿ ರ‍್ಯಾಮ್. ಅದರಲ್ಲಿದ್ದ ವಿಂಡೋಸ್ ಎದ್ದು ಕೂರುವಷ್ಟರಲ್ಲಿ ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಬರಬಹುದಿತ್ತು. ಅವಳೇ ಫೋನಿನಲ್ಲಿ ಹೇಳುತ್ತಾ ಹೋದಳು, ನಾನು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22, ಅದರಲ್ಲೂ ಎಕ್ಸ್‌ಎಫ್‌ಸಿಇ ಎನ್ನುವ ಹಗುರ ಆವೃತ್ತಿ ಹಾಕಿದೆ. ಈಗ ಚುರುಕಾಗಿದೆ. ರೇಖಾಗಣಿತದ ಚಿತ್ರ ಬಿಡಿಸುವ ಜಿಯೋಜೀಬ್ರಾ ಓಡುತ್ತದೆ. ಪಕ್ಕದ ಮನೆ ಮಕ್ಕಳಿಗೆ ವೃತ್ತದ ಸ್ಪರ್ಶಕ ತೋರಿಸಿ ಆಯ್ತು.

ಆದರೆ ವೈಫೈ ಇಲ್ಲ. ಸಿಗ್ನಲ್ ಕಡಿಮೆ ಅಂತಲ್ಲ, ವೈಫೈ ಎನ್ನುವ ಸಾಲೇ ಮೆನುವಿನಲ್ಲಿ ಇಲ್ಲ. ಫೈಬರ್ ಡಬ್ಬಿ ಜಗಲಿಯ ಟಿವಿ ಪಕ್ಕದಲ್ಲಿದೆ, ಅಲ್ಲೇ ಕೂತರೆ ಫೋನಿಗೆ ಪೂರ್ತಿ ಕಡ್ಡಿ ಬರುತ್ತದೆ. ಮಗಳು ಹೇಳಿದಂತೆ ಫೋನನ್ನು ಯುಎಸ್‌ಬಿ ವೈರಿನಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚುವುದು) ಒತ್ತಿದೆ. ಇಂಟರ್ನೆಟ್ ಬಂತು. ಡ್ರೈವರ್ ಮ್ಯಾನೇಜರ್ ತೆರೆದರೆ ಬ್ರಾಡ್‌ಕಾಮ್ ಅಂತ ಒಂದು ಡ್ರೈವರನ್ನು (ವೈಫೈ ಭಾಗವನ್ನು ನಡೆಸುವ ತಂತ್ರಾಂಶವಂತೆ) ತೋರಿಸಿತು. ಹಾಕಿದೆ, ಮರುಚಾಲು ಮಾಡಿದೆ. ಏನೂ ಬದಲಾಗಲಿಲ್ಲ.

ಸರಿ ಅಂತ ಶಿವಮೊಗ್ಗಕ್ಕೆ ಹೋದಾಗ 650 ರೂಪಾಯಿ ಕೊಟ್ಟು ಒಂದು ಡಾಂಗಲ್, ಅಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈಫೈ ಸಾಧನ, ತಂದೆ. "ಚುಚ್ಚಿದ್ರೆ ಸಾಕು ಅಂಕಲ್, ತಾನೇ ಆಗುತ್ತೆ" ಅಂದ ಅಂಗಡಿ ಹುಡುಗ. ಚುಚ್ಚಿದೆ. ಡೆಸ್ಕ್‌ಟಾಪಿನ ಮೇಲೆ ಒಂದು ಸಿಡಿ ಚಿತ್ರ ಬಂತು. ಈ ಲ್ಯಾಪ್‌ಟಾಪಿಗೆ ಸಿಡಿ ಹಾಕುವ ಜಾಗವೇ ಇಲ್ಲ ಮಾರಾಯ್ರೆ! ತೆರೆದರೆ ಒಳಗೆ ವಿಂಡೋಸಿನಲ್ಲಿ ಓಡಿಸುವ ಎಕ್ಸಿ ಫೈಲು. ಡಾಂಗಲ್ ವಾಪಸ್ ಕೊಡಲು ತೀರ್ಥಹಳ್ಳಿ ದಾಟಿ ಅಷ್ಟು ದೂರ ಮತ್ತೆ ಹೋಗಬೇಕು. ಅದಕ್ಕೆ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ಹಳೇ ಮಾನಿಟರ್ · ಶನಿವಾರ ರಾತ್ರಿ 10:05

ಸಾರ್, ಆ ಎಕ್ಸಿ ಜೊತೆ ಐಎನ್‌ಎಫ್ ಫೈಲ್ (ಡ್ರೈವರಿನ ವಿವರ ಇರುವುದು) ಇರುತ್ತೆ ನೋಡಿ. ಎನ್‌ಡಿಐಎಸ್‌ರ‍್ಯಾಪರ್ ಅಂತ ಒಂದಿದೆ, ವಿಂಡೋಸ್ ಎಕ್ಸ್‌ಪಿಯ ಡ್ರೈವರನ್ನೇ ಲಿನಕ್ಸಿನಲ್ಲಿ ಓಡಿಸುತ್ತೆ. 2006ರಲ್ಲಿ ನಾನು ಅದನ್ನೇ ಹಾಕಿಕೊಂಡು ಒಂದಿಡೀ ವರ್ಷ ತಳ್ಳಿದ್ದೇನೆ.

ಪೆಂಗ್ವಿನ್ ಪಾರು · ಶನಿವಾರ ರಾತ್ರಿ 10:40

ಮಾನಿಟರ್ ಅಣ್ಣಾ, 2006 ಹೋಗಿ ಎಷ್ಟು ಕಾಲವಾಯ್ತು! ಮೇಷ್ಟ್ರೇ, ದಯವಿಟ್ಟು ಆ ಕಡೆ ಹೋಗಬೇಡಿ. ಡಾಂಗಲ್ ವಾಪಸ್ಸೂ ಕೊಡಬೇಡಿ.

ಡಬ್ಬದ ಮೇಲಿನ ಹೆಸರು ನಮಗೆ ಬೇಡ. ಒಂದೇ ಹೆಸರಿನ ಡಾಂಗಲ್ ಒಳಗೆ ಈ ವರ್ಷ ಒಂದು ಚಿಪ್ಪು, ಬರುವ ವರ್ಷ ಇನ್ನೊಂದು ಇರುತ್ತದೆ. ಲಿನಕ್ಸಿಗೆ ಬೇಕಾದದ್ದು ಚಿಪ್ಪಿನ ನಂಬರು. ನಾನು ಫೋನಿನ ಕನ್ನಡ ಕೀಲಿಮಣೆಯಲ್ಲಿ ಬರೆಯುತ್ತಿದ್ದೇನೆ, ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಹಾಕುತ್ತೇನೆ. ನೀವು ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ.

ಟರ್ಮಿನಲ್ (ಆಜ್ಞೆ ಬರೆಯುವ ಕಿಟಕಿ) ತೆರೆಯಿರಿ. ಮೊದಲಿಗೆ ಎಲ್‌ಎಸ್‌ಪಿಸಿಐ, ಒಂದು ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಸಿ ಎನ್‌ಎನ್‌ಕೆ. ಬಂದ ಪಟ್ಟಿಯಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಅಂತ ಇರುವ ತುಂಡನ್ನು ಇಲ್ಲಿ ಹಾಕಿ. ಆಮೇಲೆ ಡಾಂಗಲ್ ಚುಚ್ಚಿಕೊಂಡೇ ಎಲ್‌ಎಸ್‌ಯುಎಸ್‌ಬಿ. ಕೊನೆಗೆ ಆರ್‌ಎಫ್‌ಕಿಲ್, ಜಾಗ, ಲಿಸ್ಟ್. ಇದು ಯಾಕೆಂದರೆ ಕೆಲವು ಲ್ಯಾಪ್‌ಟಾಪಿನಲ್ಲಿ ವಿಮಾನದ ಚಿತ್ರದ ಕೀಲಿ ಗೊತ್ತಿಲ್ಲದೆ ಒತ್ತಿ ವೈಫೈ ಆಫ್ ಆಗಿರುತ್ತದೆ. ಅದಕ್ಕೆ ಜನ ಎರಡು ದಿನ ಒದ್ದಾಡಿದ್ದನ್ನು ನಮ್ಮ ಕಾಲೇಜು ಲ್ಯಾಬಿನಲ್ಲೇ ನೋಡಿದ್ದೇನೆ.

ಇನ್ನೊಂದು ಪ್ರಶ್ನೆ. ಬ್ರಾಡ್‌ಕಾಮ್ ಡ್ರೈವರ್ ಹಾಕುವಾಗ ಮಧ್ಯೆ ಪಾಸ್‌ವರ್ಡ್ ಏನಾದರೂ ಕೇಳಿತಾ? ಮಾಮೂಲಿ ಪಾಸ್‌ವರ್ಡ್ ಅಲ್ಲ, ಹೊಸದಾಗಿ ಒಂದು ಇಡಿ ಅಂತ?

ನಿವೃತ್ತ ಮೇಷ್ಟ್ರು · ಭಾನುವಾರ ಬೆಳಿಗ್ಗೆ 7:15

ರಾತ್ರಿ ಕರೆಂಟ್ ಹೋಯ್ತು, ಈಗ ಬರೆಯುತ್ತಿದ್ದೇನೆ. ಕಾಗದದಲ್ಲಿ ಬರೆದುಕೊಂಡು ಇಲ್ಲಿಗೆ ಇಳಿಸಿದ್ದು.

ಮೊದಲನೆಯದು: ಬ್ರಾಡ್‌ಕಾಮ್ ಬಿಸಿಎಂ43142, ಕಂಸದೊಳಗೆ 14ಇ4:4365. ಅದರ ಕೆಳಗೆ ಕರ್ನಲ್ ಮಾಡ್ಯೂಲ್ಸ್ ಅಂತ ಇದ್ದು ಮುಂದೆ ಡಬ್ಲ್ಯುಎಲ್ ಅಂತಿದೆ. ಈಥರ್ನೆಟ್ಟಿನ ಕೆಳಗೆ "ಡ್ರೈವರ್ ಇನ್ ಯೂಸ್" ಅನ್ನುವ ಸಾಲಿದೆ, ಇದರ ಕೆಳಗೆ ಆ ಸಾಲೇ ಇಲ್ಲ.

ಎರಡನೆಯದು: ರಿಯಲ್‌ಟೆಕ್, 0ಬಿಡಿಎ:1ಎ2ಬಿ. ಪಕ್ಕದಲ್ಲಿ ಡ್ರೈವರ್ ಸಿಡಿರಾಮ್ ಮೋಡ್ ಅಂತೇನೋ ಬರೆದಿದೆ.

ಮೂರನೆಯದರಲ್ಲಿ ಬ್ಲೂಟೂತ್ ಮಾತ್ರ ಇದೆ. ಬ್ಲಾಕ್ ಆಗಿದೆಯಾ ಅನ್ನುವ ಎರಡು ಸಾಲಿನಲ್ಲೂ ನೋ.

ಪಾಸ್‌ವರ್ಡ್ ಕೇಳಿತ್ತು ಹೌದು. ಎಂಟು ಅಕ್ಷರಕ್ಕಿಂತ ಕಮ್ಮಿ ಇರಬಾರದು ಅಂದಿತು. ಎರಡು ಸಲ ಬರೆದೆ. ಆಮೇಲೆ ಮರುಚಾಲು ಒತ್ತಿ ಕಾಫಿ ಬಿಸಿ ಮಾಡಲು ಒಳಗೆ ಹೋದೆ. ಬರುವಷ್ಟರಲ್ಲಿ ಮಿಂಟ್ ಎದ್ದಿತ್ತು. ಯಾಕೆ ಕೇಳಿದಿರಿ?

ಪೆಂಗ್ವಿನ್ ಪಾರು · ಭಾನುವಾರ ಬೆಳಿಗ್ಗೆ 9:30

ನಿಮ್ಮ ವೈಫೈ ಆ ಕಾಫಿಯಲ್ಲಿ ಹೋಯ್ತು ಮೇಷ್ಟ್ರೇ!

ಈ ಚಿಪ್ಪಿನ ಡ್ರೈವರಿನ ಹೆಸರು ಡಬ್ಲ್ಯುಎಲ್. ಅದು ಕರ್ನಲ್ (ಲಿನಕ್ಸಿನ ತಿರುಳು) ಜೊತೆ ಬರುವುದಿಲ್ಲ. ಅದರ ಸೋರ್ಸ್ (ಮೂಲ ಬರಹ) ಪೂರ್ತಿ ತೆರೆದಿಲ್ಲ, ಅದಕ್ಕೇ ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿದಾಗ ಡಿಕೆಎಂಎಸ್ ಎನ್ನುವ ವ್ಯವಸ್ಥೆ ಅದನ್ನು ನಿಮ್ಮ ಯಂತ್ರದಲ್ಲೇ ನಿಮ್ಮ ಕರ್ನಲ್ಲಿಗೆ ಹೊಂದುವಂತೆ ಕಟ್ಟುತ್ತದೆ. ಇಲ್ಲಿವರೆಗೆ ನೀವು ಮಾಡಿದ್ದೆಲ್ಲ ಸರಿ.

ಆದರೆ ನಿಮ್ಮಲ್ಲಿ ಸೆಕ್ಯೂರ್ ಬೂಟ್ ಆನ್ ಇದೆ ಅನ್ನಿಸುತ್ತದೆ. ಅದು ಹಳೇ ಕಾಲದ ಹೆಡ್‌ಮಾಸ್ಟರ್ ಇದ್ದಂತೆ. ಟಿಸಿ ಮೇಲೆ ತನಗೆ ಗುರುತಿರುವ ಸಹಿ ಇದ್ದರೆ ಮಾತ್ರ ಹುಡುಗನನ್ನು ಕ್ಲಾಸಿಗೆ ಬಿಡುತ್ತಾರೆ. ಕರ್ನಲ್ ಜೊತೆ ಬಂದ ಡ್ರೈವರುಗಳ ಮೇಲೆ ಮೊದಲೇ ಸಹಿ ಇರುತ್ತದೆ. ಮನೆಯಲ್ಲೇ ಕಟ್ಟಿದ ಡಬ್ಲ್ಯುಎಲ್ ಮೇಲೆ ಇರುವುದು ನಿಮ್ಮ ಯಂತ್ರದ್ದೇ ಸಹಿ. "ಈ ಸಹಿಯೂ ನನ್ನದೇ, ಬಿಡಿ" ಅಂತ ನೀವು ಒಮ್ಮೆ ಖುದ್ದಾಗಿ ಹೇಳಬೇಕು, ಆ ಹೊಸ ಪಾಸ್‌ವರ್ಡ್ ಇಡಿಸಿಕೊಂಡದ್ದು ಇದಕ್ಕೇ. ಅದಕ್ಕೆ ಮರುಚಾಲಾದಾಗ ಒಂದು ನೀಲಿ ಪರದೆ ಬರುತ್ತದೆ, ಹತ್ತು ಸೆಕೆಂಡು ಕಾಯುತ್ತದೆ, ಯಾರೂ ಕೀಲಿ ಒತ್ತದಿದ್ದರೆ ಸುಮ್ನೆ ಮುಂದೆ ಹೋಗುತ್ತದೆ. ದೂರದಲ್ಲಿ ಕೂತ ಕಳ್ಳನೊಬ್ಬ ಈ ಕೆಲಸ ಮಾಡದಿರಲಿ, ಕೀಲಿಮಣೆ ಮುಂದೆ ಮನುಷ್ಯನೇ ಇರಲಿ ಅಂತ ಈ ಏರ್ಪಾಡು.

ಖಚಿತ ಮಾಡಿಕೊಳ್ಳಲು ಆ ಡ್ರೈವರನ್ನು ಎಬ್ಬಿಸಿ ನೋಡಿ: ಸುಡೊ, ಜಾಗ, ಮೋಡ್‌ಪ್ರೋಬ್, ಜಾಗ, ಡಬ್ಲ್ಯುಎಲ್. "ಕೀ ವಾಸ್ ರಿಜೆಕ್ಟೆಡ್" ಅಂತ ಬಂದರೆ ರೋಗ ಇದೇ.

ಆಗ ಹೀಗೆ ಮಾಡಿ. ಸುಡೊ, ಜಾಗ, ಎಂಒಕೆಯುಟಿಲ್, ಜಾಗ, ಎರಡು ಅಡ್ಡಗೆರೆ ಅಂಟಿಸಿ ಇಂಪೋರ್ಟ್, ಜಾಗ, ಆಮೇಲೆ ಆ ಸಹಿಯ ಕೀಲಿ ಫೈಲು (ಎಂಒಕೆ, ಅಂದರೆ ಯಂತ್ರದ ಒಡೆಯನ ಕೀಲಿ) ಇರುವ ದಾರಿ: ಓರೆಗೆರೆ ವಿಎಆರ್, ಓರೆಗೆರೆ ಎಲ್‌ಐಬಿ, ಓರೆಗೆರೆ ಶಿಮ್ ಅಡ್ಡಗೆರೆ ಸೈನ್ಡ್, ಓರೆಗೆರೆ ಎಂಒಕೆ, ಓರೆಗೆರೆ ಎಂಒಕೆ ಚುಕ್ಕಿ ಡಿಇಆರ್. ಕೊನೆಯ ಎಂಒಕೆ ಮಾತ್ರ ದೊಡ್ಡಕ್ಷರ, ಮರೆಯಬೇಡಿ. ಪಾಸ್‌ವರ್ಡ್ ಕೇಳುತ್ತದೆ. ಬರೀ ಅಂಕಿಗಳದ್ದೇ ಇಡಿ, ಒಂದೇ ಸಲ ಬೇಕಾಗುವುದು. ಮರುಚಾಲು ಮಾಡಿ, ಕುರ್ಚಿ ಬಿಟ್ಟು ಏಳಬೇಡಿ. ನೀಲಿ ಪರದೆಯಲ್ಲಿ ಯಾವುದಾದರೂ ಕೀಲಿ ಒತ್ತಿ, ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಪಾಸ್‌ವರ್ಡ್, ರೀಬೂಟ್. ಪಾಸ್‌ವರ್ಡ್ ಬರೆಯುವಾಗ ಪರದೆ ಮೇಲೆ ಚುಕ್ಕಿಯೂ ಕಾಣದಿದ್ದರೆ ಗಾಬರಿ ಬೇಡ.

ಡಾಂಗಲ್ ಕಥೆ ಸಣ್ಣದು. ಅದು ಬೇಕೆಂದೇ ಸಿಡಿ ವೇಷ ಹಾಕಿದೆ. ವಿಂಡೋಸಿನವರಿಗೆ ಡ್ರೈವರ್ ಬೇರೆ ತರುವ ತಾಪತ್ರಯ ಬೇಡ ಅಂತ ಒಳಗೇ ತುಂಬಿರುತ್ತಾರೆ. ಆ ಸಿಡಿ ಚಿತ್ರದ ಮೇಲೆ ಬಲಕ್ಲಿಕ್ ಮಾಡಿ ಇಜೆಕ್ಟ್ ಒತ್ತಿ. ವೇಷ ಕಳಚುತ್ತದೆ. ಮತ್ತೆ ಎಲ್‌ಎಸ್‌ಯುಎಸ್‌ಬಿ ಕೊಟ್ಟು ನಂಬರು ಹೇಳಿ.

ರಾತ್ರಿಪಾಳಿ · ಭಾನುವಾರ ಬೆಳಿಗ್ಗೆ 10:10

ಇಷ್ಟೆಲ್ಲ ಯಾಕೆ? ಬಯಾಸ್‌ಗೆ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಎರಡು ನಿಮಿಷದ ಕೆಲಸ. ನಾನು ನೋಡಿದ ಹಳೇ ಲ್ಯಾಪ್‌ಟಾಪಿಗೆಲ್ಲ ಅದನ್ನೇ ಮಾಡಿದ್ದೇನೆ.

ಪೆಂಗ್ವಿನ್ ಪಾರು · ಭಾನುವಾರ ಬೆಳಿಗ್ಗೆ 10:25

ಅದೂ ಆಗುತ್ತೆ, ತಪ್ಪೇನಿಲ್ಲ. ಆದರೆ ಬಯಾಸ್ ಮೆನು ಒಂದೊಂದು ಕಂಪನಿಯದು ಒಂದೊಂದು ಥರ, ಫೋನಿನಲ್ಲಿ ಕೂತು ಅವರಿಗೆ ದಾರಿ ಹೇಳುವುದು ಕಷ್ಟ. ನೀಲಿ ಪರದೆ ಎಲ್ಲ ಕಡೆ ಒಂದೇ. ಇದರಲ್ಲಿ ಆಗದಿದ್ದರೆ ನಿಮ್ಮ ದಾರಿ ಇದ್ದೇ ಇದೆ.

ನಿವೃತ್ತ ಮೇಷ್ಟ್ರು · ಭಾನುವಾರ ಸಂಜೆ 5:50

ಪಾರು ಅವರೇ, ನಿಮಗೆ ನೂರಕ್ಕೆ ನೂರು.

ಮೋಡ್‌ಪ್ರೋಬ್ ಕೊಟ್ಟೆ, ರಿಜೆಕ್ಟೆಡ್ ಅಂದಿತು. ಆ ಉದ್ದನೆಯ ಆಜ್ಞೆಯನ್ನು ಎರಡು ಸಲ ತಪ್ಪಾಗಿ ಬರೆದೆ (ಒಂದು ಸಲ ದೊಡ್ಡಕ್ಷರ ಮರೆತೆ, ನೀವು ಹೇಳಿದ್ದರೂ). ಮೂರನೆಯದಕ್ಕೆ ಪಾಸ್‌ವರ್ಡ್ ಕೇಳಿತು. ಮರುಚಾಲು ಮಾಡುವ ಮೊದಲು ಮನೆಯವಳಿಗೆ "ಹತ್ತು ನಿಮಿಷ ಕರೆಯಬೇಡ" ಅಂತ ಹೇಳಿ ಬಂದು ಕೂತೆ. ನೀಲಿ ಪರದೆ ಬಂತು, ಹತ್ತು, ಒಂಬತ್ತು, ಎಂಟು ಅಂತ ಎಣಿಸತೊಡಗಿತು. ಪರೀಕ್ಷೆ ಹಾಲಿನಲ್ಲಿ ಇಷ್ಟು ಎದೆ ಹೊಡೆದುಕೊಂಡದ್ದು ನೆನಪಿಲ್ಲ. ಎನ್‌ರೋಲ್ ಆಯ್ತು. ಮಿಂಟ್ ಎದ್ದ ಮೇಲೆ ಮೂಲೆಯಲ್ಲಿ ನಮ್ಮ ಡಬ್ಬಿಯ ಹೆಸರು, ಪಕ್ಕದ ಮನೆ ಡಬ್ಬಿಯ ಹೆಸರು, ಎರಡೂ ಬಂದವು.

ಡಾಂಗಲ್ ಸಿಡಿಯನ್ನು ಇಜೆಕ್ಟ್ ಮಾಡಿದೆ. ನಂಬರು 0ಬಿಡಿಎ:ಸಿ811 ಆಯ್ತು. ಅದರದ್ದೂ ವೈಫೈ ಪಟ್ಟಿ ಬಂತು, ಏನೂ ಹಾಕದೆಯೇ!

ಒಂದೇ ಅನುಮಾನ. ನಮ್ಮ ಡಬ್ಬಿ ಎರಡು ಹೆಸರು ಬಿಡುತ್ತದೆ, ಒಂದರ ಕೊನೆಗೆ 5ಜಿ ಅಂತಿದೆ. ಡಾಂಗಲ್‌ಗೆ ಎರಡೂ ಕಾಣುತ್ತವೆ. ಲ್ಯಾಪ್‌ಟಾಪಿನ ಒಳಗಿನದಕ್ಕೆ ಒಂದೇ. ಇನ್ನೇನಾದರೂ ಬಾಕಿ ಇದೆಯಾ?

ಪೆಂಗ್ವಿನ್ ಪಾರು · ಭಾನುವಾರ ರಾತ್ರಿ 8:00

ಬಾಕಿ ಏನಿಲ್ಲ. ಬಿಸಿಎಂ43142ಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ, ಅದರ ಹುಟ್ಟುಗುಣವೇ ಅದು. ಡಾಂಗಲ್‌ನಲ್ಲಿರುವುದು ಆರ್‌ಟಿಎಲ್8821ಸಿಯು, ಅದಕ್ಕೆ 5 ಗಿಗಾಹರ್ಟ್ಸೂ (ನಿಮ್ಮ 5ಜಿ ಹೆಸರು ಅದೇ) ಬರುತ್ತದೆ. ಕರ್ನಲ್ 6.2ರಿಂದ ಅದರ ಡ್ರೈವರ್ ಒಳಗೇ ಇದೆ, ಮಿಂಟ್ 22ರ ಜೊತೆ ಬರುವುದು 6.8. ಅದಕ್ಕೇ ನೀವು ಏನೂ ಹಾಕಬೇಕಾಗಲಿಲ್ಲ, ಹೆಡ್‌ಮಾಸ್ಟರೂ ತಕರಾರು ತೆಗೆಯಲಿಲ್ಲ. ಜಗಲಿಯಲ್ಲಿ ಡಬ್ಬಿ ಪಕ್ಕ ಕೂತಾಗ 5ಜಿ ಹೆಸರು ಜೋರು. ಗೋಡೆ ದಾಟಿ ಒಳಗೆ ಹೋದರೆ 2.4ರದ್ದೇ ವಾಸಿ.

ಡಾಂಗಲ್ ಚುಚ್ಚಿದಾಗಲೆಲ್ಲ ಸಿಡಿ ಬಂದರೆ ಇಜೆಕ್ಟ್ ಮಾಡಿಕೊಳ್ಳಿ. ಬೇಜಾರಾದರೆ ಹೇಳಿ, ಯುಎಸ್‌ಬಿ ಮೋಡ್‌ಸ್ವಿಚ್ ಇಂದ ತಾನಾಗೇ ಆಗುವ ಹಾಗೆ ಮಾಡೋಣ.

ನಿವೃತ್ತ ಮೇಷ್ಟ್ರು · ಭಾನುವಾರ ರಾತ್ರಿ 8:20

ಸದ್ಯಕ್ಕೆ ಬೇಡ. ಡಾಂಗಲ್ ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗ ಎತ್ತಿಕೊಂಡು ಹೋದ. ಅವನ ಹಳೇ ಡೆಸ್ಕ್‌ಟಾಪಿಗೆ ವೈಫೈ ಇಲ್ಲವಂತೆ, ಅದರಲ್ಲೂ ಮಿಂಟ್ ಹಾಕಬೇಕಂತೆ. ನಾಳೆ ಸಂಜೆ ನಾನೇ ಹಾಕಿಕೊಡುತ್ತೇನೆ ಅಂದಿದ್ದೇನೆ. ಈ ಪುಟ ತೆರೆದಿಟ್ಟುಕೊಂಡಿರುತ್ತೇನೆ, ಪಾರು ಅವರೇ, ನೀವು ಸ್ವಲ್ಪ ಕಣ್ಣಿಟ್ಟಿರಿ.